ಕಾಸಿಗೆ ತಕ್ಕ ಕಜ್ಜಾಯವೇ? ದುಬಾರಿ ಮ್ಯೂಸಿಕಲ್ ಟಿಕೆಟ್ ಬಗ್ಗೆ ಓದುಗರ ಪ್ರಶ್ನೆಗಳು

ಹಾಡು, ಕುಣಿತ, ಕಥೆ ಮೂರೂ ಕೂಡಿದ ದೊಡ್ಡ ಬಜೆಟ್ಟಿನ ರಂಗಪ್ರದರ್ಶನಗಳ, ಅಂದರೆ ಮ್ಯೂಸಿಕಲ್‌ಗಳ, ಟಿಕೆಟ್ ಬೆಲೆ ಕುರಿತು ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಜಾಹೀರಾತಿನಲ್ಲಿ ಕಥೆ ಏನೆಂದು ತಿಳಿಯುವ ಮೊದಲೇ ವೆಚ್ಚದ ಅಂಕಿ ಕಣ್ಣಿಗೆ ರಾಚುತ್ತದೆ. ಅಷ್ಟು ದುಡ್ಡು ಸುರಿದಿದ್ದಾರೆ ಎಂದ ಮೇಲೆ ಆಟ ಚೆನ್ನಾಗಿಯೇ ಇರಬೇಕಲ್ಲವೇ?

ಹಾಗೇನಿಲ್ಲ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀಡಾದ ಬ್ರಾಡ್‌ವೇಯಲ್ಲಿ ಸ್ಪೈಡರ್‌ಮ್ಯಾನ್ ಕಥೆಯ ಮ್ಯೂಸಿಕಲ್‌ಗೆ ಸುಮಾರು 7.5 ಕೋಟಿ ಡಾಲರ್ ಖರ್ಚಾಯಿತು. 2010ರ ನವೆಂಬರಿನಲ್ಲಿ ಪ್ರಿವ್ಯೂ, ಅಂದರೆ ಅಧಿಕೃತ ಆರಂಭಕ್ಕೆ ಮುಂಚಿನ ಆಟಗಳು ಶುರುವಾದವು. ಅಧಿಕೃತವಾಗಿ ತೆರೆ ಎದ್ದದ್ದು 182 ಪ್ರಿವ್ಯೂ ಕಳೆದ ಮೇಲೆ, 2011ರ ಜೂನಿನಲ್ಲಿ. ಅಷ್ಟರೊಳಗೆ ಹಾರಾಟದ ದೃಶ್ಯಗಳಲ್ಲಿ ಕಲಾವಿದರು ಗಾಯಗೊಂಡರು, ನಿರ್ದೇಶಕಿ ಹೊರಹೋದರು, ಕಥೆಯನ್ನೇ ತಿದ್ದಬೇಕಾಯಿತು. 2014ರ ಜನವರಿಯಲ್ಲಿ ಆಟ ನಿಂತಾಗ ಹಾಕಿದ ಬಂಡವಾಳ ಹುಟ್ಟಿರಲಿಲ್ಲ. ಅದಕ್ಕೂ ಹಿಂದೆ, 1988ರಲ್ಲಿ, ‘ಕ್ಯಾರಿ’ ಎಂಬ ಅಂದಿನ ಲೆಕ್ಕಕ್ಕೆ ಬಲು ದುಬಾರಿಯಾದ ಮ್ಯೂಸಿಕಲ್ ತೆರೆ ಎದ್ದ ಮೇಲೆ ಬರೀ 5 ಆಟ ಕಂಡು ಮುಚ್ಚಿಹೋಯಿತು.

ಒಂದು ವಿಷಯ ಮನಸ್ಸಿನಲ್ಲಿ ಇರಲಿ. ನೀವು ಕೊಡುವ ಟಿಕೆಟ್ಟಿನ ಬೆಲೆಯನ್ನು ನಿರ್ಧರಿಸುವುದು ಬೇಡಿಕೆಯೇ ಹೊರತು ವೆಚ್ಚವಲ್ಲ. ಐದೇ ಜನ ನಟರ, ಒಂದೇ ಸಜ್ಜಿಕೆಯ ನಾಟಕದಲ್ಲಿ ಹೆಸರಾಂತ ಸಿನಿಮಾ ನಟರೊಬ್ಬರಿದ್ದರೆ ಅದರ ಟಿಕೆಟ್ಟು ಮೂವತ್ತು ಜನ ಕುಣಿಯುವ ಮ್ಯೂಸಿಕಲ್‌ಗಿಂತ ದುಬಾರಿಯಾದೀತು. ಹಾಗಾಗಿ ವೆಚ್ಚದ ಅಂಕಿಯಿಂದ ಬೆಲೆಯನ್ನು ಅಳೆಯಲೂ ಆಗದು, ಬೆಲೆಯಿಂದ ಗುಣವನ್ನು ಅಳೆಯಲೂ ಆಗದು.

ನಾವು ಹೇಳುವ ಅಳತೆ ಬೇರೆ: ಖರ್ಚು ಮಾಡಿದ್ದರಲ್ಲಿ ಎಷ್ಟು ನೀವು ಕೂರುವ ಕುರ್ಚಿಯವರೆಗೆ ತಲುಪುತ್ತದೆ? ರಂಗದ ಮೇಲೆ ಒಟ್ಟಿಗೆ ಹಾಡುವ ಇಪ್ಪತ್ತೈದು ಗಂಟಲು ಎಲ್ಲ ಕುರ್ಚಿಗಳಿಗೂ ತಲುಪುತ್ತವೆ. ರಂಗದ ಮುಂದಿನ ತಗ್ಗು ಜಾಗವಾದ ಪಿಟ್‌ನಲ್ಲಿ ಕೂತ ವಾದ್ಯಮೇಳವೂ ಹಾಗೆಯೇ. ಕೈಹೊಲಿಗೆಯ ಕಸೂತಿಯ ವೇಷ ಮೊದಲ ಹತ್ತು ಸಾಲು ದಾಟುವುದಿಲ್ಲ. ಸಭಾಂಗಣದ ಮಾಳಿಗೆಯಿಂದ ಇಳಿಯುವ ಯಂತ್ರ ಬಾಲ್ಕನಿಯ ಕೆಳಗೆ ಕೂತವರಿಗೆ ಕಾಣುವುದೇ ಇಲ್ಲ. ಮುಂದಿನ ಉತ್ತರಗಳಲ್ಲೂ ಇದೇ ಮಾತು ಬೇರೆ ಬೇರೆ ಕಡೆಯಿಂದ ಬರುತ್ತದೆ.

ಪ್ರಶ್ನೆ: ಕಥೆ ಗೊತ್ತಿಲ್ಲ, ಹಾಡು ಗೊತ್ತಿಲ್ಲ. ಟಿಕೆಟ್ ಕೊಳ್ಳುವ ಮುಂಚೆ ಇದು ನನಗೆ ಹಿಡಿಸುತ್ತದೋ ಇಲ್ಲವೋ ಎಂದು ತಿಳಿಯುವ ದಾರಿ ಇದೆಯೇ?

ಇದೆ. ಅರ್ಧ ಗಂಟೆ ಸಾಕು. ಸಾಕಷ್ಟು ದಿನ ಓಡಿದ ಮ್ಯೂಸಿಕಲ್‌ಗಳ ಹಾಡುಗಳು ಮೂಲ ಕಲಾವಿದರ ದನಿಯಲ್ಲೇ ಧ್ವನಿಮುದ್ರಿಕೆಯಾಗಿ ಸಿಗುತ್ತವೆ. ಪೂರ್ತಿ ಕೇಳಬೇಡಿ, ನಾಲ್ಕೇ ಕೇಳಿ. ಒಂದು, ಆರಂಭದ ಹಾಡು. ಎರಡು, ಮೊದಲ ಅಂಕದಲ್ಲಿ ಬೇಗನೆ ಬರುವ, ಮುಖ್ಯ ಪಾತ್ರ ತನಗೆ ಏನು ಬೇಕು ಎಂದು ಬಾಯಿಬಿಟ್ಟು ಹಾಡುವ ಹಾಡು. ಇದು ಸಾಮಾನ್ಯವಾಗಿ ಎರಡನೆಯದೋ ಮೂರನೆಯದೋ ಆಗಿರುತ್ತದೆ. ಮೂರು, ವಿರಾಮಕ್ಕೆ ಮುಂಚಿನ ಹಾಡು. ನಾಲ್ಕು, ಎರಡನೇ ಅಂಕದ ನಡುವಿನ ಯಾವುದಾದರೊಂದು.

ಎರಡನೆಯದು ಮುಖ್ಯ. ಆ ಆಸೆ ನಿಮಗೆ ಅರ್ಥವಾಗದಿದ್ದರೆ, ಆ ಪಾತ್ರದ ಬಗ್ಗೆ ಕುತೂಹಲ ಹುಟ್ಟದಿದ್ದರೆ, ಎರಡೂವರೆ ಗಂಟೆ ಅದರ ಬೆನ್ನು ಹತ್ತುವುದು ಕಷ್ಟ. ನಾಲ್ಕನೆಯದನ್ನು ಸೇರಿಸಿದ್ದು ಬೇರೆ ಕಾರಣಕ್ಕೆ. ಬಹುಪಾಲು ಮ್ಯೂಸಿಕಲ್‌ಗಳು ಸೋಲುವುದು ಎರಡನೇ ಅಂಕದಲ್ಲಿ. ಮೊದಲ ಅಂಕಕ್ಕೆ ಒಳ್ಳೊಳ್ಳೆಯ ಹಾಡು ಹಾಕಿ ಮುಗಿಸಿ, ಆಮೇಲೆ ಹಳೆಯ ರಾಗಗಳನ್ನೇ ತಿರುಗಿಸಿ ಹಾಡಿಸುವುದುಂಟು. ಆ ಮರುಹಾಡಿನಲ್ಲಿ ಮಾತು ಬದಲಾಗಿ, ಅದೇ ರಾಗಕ್ಕೆ ಹೊಸ ನೋವೋ ಹೊಸ ಅರ್ಥವೋ ಬಂದಿದ್ದರೆ ಅದು ಕಸುಬು ಬಲ್ಲವರ ಕೆಲಸ. ಸುಮ್ಮನೆ ಜ್ಞಾಪಿಸುವುದಕ್ಕೆ ಹಾಡಿಸಿದ್ದರೆ ಸರಕು ತೀರಿದೆ ಎಂದರ್ಥ.

ಕಥಾಸಾರವನ್ನೂ ಓದಿ. ಎಲ್ಲವನ್ನೂ ಹಾಡಿನಲ್ಲೇ ಹೇಳುವ ಮ್ಯೂಸಿಕಲ್‌ಗಳಲ್ಲಿ ಮಾತು ಕೈತಪ್ಪಿದರೆ ಕಥೆ ಕೈತಪ್ಪುತ್ತದೆ. ಆಟದ ಭಾಷೆ ನಿಮಗೆ ಅಷ್ಟು ರೂಢಿ ಇಲ್ಲದಿದ್ದರಂತೂ ಕಥೆ ತಿಳಿದು ಹೋಗುವುದರಿಂದ ಸ್ವಾರಸ್ಯ ಕೆಡುವುದಿಲ್ಲ, ಹೆಚ್ಚುತ್ತದೆ.

ಪ್ರಚಾರದ ವೀಡಿಯೊ ನೋಡಿ ನಿರ್ಧರಿಸಬೇಡಿ. ಒಂದು ನಿಮಿಷದಲ್ಲಿ ಮೂವತ್ತು ತುಣುಕು ಹೊಲಿದು ತೋರಿಸುವ ಅದರಲ್ಲಿ ಕ್ಯಾಮೆರಾ ರಂಗದ ಮೇಲೆ, ನಟರ ನಡುವೆ ಓಡಾಡುತ್ತದೆ. ಆ ಜಾಗದ ಟಿಕೆಟ್ಟನ್ನು ಯಾರೂ ಮಾರುವುದಿಲ್ಲ. ಪೂರ್ತಿ ಒಂದು ಹಾಡನ್ನು ದೂರದಿಂದ, ಕತ್ತರಿಸದೆ ತೋರಿಸುವ ತುಣುಕು ಸಿಕ್ಕರೆ ನೋಡಿ.

ಪ್ರಶ್ನೆ: ಅತಿ ದುಬಾರಿ ಸೀಟೇ ಅತಿ ಒಳ್ಳೆಯ ಸೀಟೇ? ನಡುವಿನ ಬೆಲೆಯಲ್ಲಿ ಯಾವುದನ್ನು ಆರಿಸಬೇಕು?

ಟಿಕೆಟ್ಟಿನ ವಿಷಯದಲ್ಲಿ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಹೆಸರುಗಳ ಗೊಂದಲ. ನೆಲದ ಅಂತಸ್ತನ್ನು ಲಂಡನ್ನಿನಲ್ಲಿ ಸ್ಟಾಲ್ಸ್ ಎನ್ನುತ್ತಾರೆ, ನ್ಯೂಯಾರ್ಕಿನಲ್ಲಿ ಆರ್ಕೆಸ್ಟ್ರಾ ಎನ್ನುತ್ತಾರೆ. ಆರ್ಕೆಸ್ಟ್ರಾ ಎಂದರೆ ವಾದ್ಯಮೇಳದ ಪಕ್ಕ ಎಂದು ತಿಳಿದು ಹಿಂದಿನ ಸಾಲಿಗೆ ದುಡ್ಡು ತೆತ್ತವರಿದ್ದಾರೆ. ಅದರ ಮೇಲಿನ ಅಂತಸ್ತು ಲಂಡನ್ನಿನಲ್ಲಿ ಡ್ರೆಸ್ ಸರ್ಕಲ್, ನ್ಯೂಯಾರ್ಕಿನಲ್ಲಿ ಮೆಜನೀನ್. ಹೆಸರು ಬಿಡಿ, ಆಸನಗಳ ನಕ್ಷೆಯಲ್ಲಿ ರಂಗದಿಂದ ಎಷ್ಟನೇ ಸಾಲು, ಎಷ್ಟು ಪಕ್ಕಕ್ಕೆ, ತಲೆಯ ಮೇಲೆ ಬಾಲ್ಕನಿ ಚಾಚಿದೆಯೇ ಎಂಬ ಮೂರನ್ನೇ ನೋಡಿ.

ದೂರದ ಲೆಕ್ಕ ಹೀಗೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಸುಮಾರು 90 ಸೆಂ.ಮೀ. ಎಂದುಕೊಳ್ಳಿ. ಮುಖದ ಭಾವ ಸ್ಪಷ್ಟವಾಗಿ ಓದಲು ಸುಮಾರು 20 ಮೀಟರಿನೊಳಗೆ ಇರಬೇಕು ಎಂಬುದು ರಂಗಮಂದಿರ ಕಟ್ಟುವವರು ಬಳಸುವ ಅಂದಾಜು. ನಡುವಿನ ಪಿಟ್ಟನ್ನೂ ಸೇರಿಸಿದರೆ ಸುಮಾರು 18ನೇ ಸಾಲಿನವರೆಗೆ ಮುಖ ಸಿಗುತ್ತದೆ. ಅದರಾಚೆ ಮೈಯ ನಿಲುವು ಸಿಗುತ್ತದೆ, ಕಣ್ಣಂಚಿನ ನೀರು ಸಿಗುವುದಿಲ್ಲ. ಆಟ ಇಬ್ಬರು ಮೂವರ ನಡುವಿನ ಭಾವದ ಮೇಲೆ ನಿಂತಿದ್ದರೆ ಹತ್ತಿರ ಕೂರಿ. ಅದು ಗುಂಪು ಕುಣಿತ, ರಂಗದ ತುಂಬ ರಚನೆಗಳ ಆಟವಾಗಿದ್ದರೆ ಮೇಲಿನ ಅಂತಸ್ತಿನ ಮೊದಲೆರಡು ಸಾಲುಗಳ ನಡುಭಾಗಕ್ಕೆ ಸಾಟಿ ಇಲ್ಲ. ಕುಣಿತದ ವಿನ್ಯಾಸ ನೆಲದ ಮೇಲೆ ಬರೆದ ರಂಗೋಲಿಯಂತೆ, ಮೇಲಿನಿಂದ ನೋಡಿದರೇ ಅದರ ಎಳೆ ಕಾಣುವುದು. ಬೆಳಕು ನೆಲದ ಮೇಲೆ ಬಿಡಿಸುವ ಚಿತ್ರಗಳೂ ಕೆಳಗೆ ಕೂತವರಿಗೆ ಕಾಣುವುದಿಲ್ಲ.

ಮೊಟ್ಟಮೊದಲ ಸಾಲು ಅಗ್ಗಕ್ಕೆ ಸಿಗುವುದುಂಟು. ಕಾರಣವಿದೆ. ಕೂತವರ ಕಣ್ಣು ನೆಲದಿಂದ ಹೆಚ್ಚುಕಡಿಮೆ 1.1 ಮೀಟರ್ ಎತ್ತರದಲ್ಲಿರುತ್ತದೆ. ರಂಗ ಅದಕ್ಕಿಂತ ಎತ್ತರವಿದ್ದರೆ ಕಲಾವಿದರ ಪಾದ ಕಾಣದು, ಹಿಂದೆ ನಿಂತವರು ಮಂಡಿಯವರೆಗೆ ಮರೆಯಾಗುತ್ತಾರೆ. ಪಾದಗಳಿಂದ ನೆಲ ತಟ್ಟಿ ತಾಳ ಹಾಕುವ ಟ್ಯಾಪ್ ಕುಣಿತದ ಆಟಕ್ಕೆ ಈ ಸಾಲು ಬೇಡವೇ ಬೇಡ.

ಪಕ್ಕದ ಸೀಟುಗಳಲ್ಲಿ ಒಂದು ಚಿಕ್ಕ ಗುಟ್ಟಿದೆ. ಎಡತುದಿಯಲ್ಲಿ ಕೂತರೆ ರಂಗದ ಬಲಭಾಗ ಮರೆಯಾಗುತ್ತದೆ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಆಗುವುದು ತಿರುವುಮುರುವು. ಎಡಗಡೆ ಕೂತವರಿಗೆ ಚೌಕಟ್ಟಿನ ಎಡ ಕಂಬವೇ ಅಡ್ಡಬಂದು ಎಡ ಹಿಂಬದಿಯ ಮೂಲೆ ಕಾಣುವುದಿಲ್ಲ, ಬಲಗಡೆಯ ನೇಪಥ್ಯದೊಳಗಿನ ಓಡಾಟ ಮಾತ್ರ ಬೇಡವೆಂದರೂ ಕಾಣುತ್ತದೆ. ನಕ್ಷೆಯಲ್ಲಿ ರಂಗದ ಚೌಕಟ್ಟಿನ ಎರಡು ತುದಿಗಳಿಂದ ಹಿಂದಕ್ಕೆ ನೇರ ಗೆರೆ ಎಳೆಯಿರಿ. ಆ ಗೆರೆಗಳ ಒಳಗಿನ ಸೀಟು ನಿಶ್ಚಿಂತೆ. ಗೆರೆಯಿಂದ ಒಂದೆರಡು ಸೀಟು ಹೊರಗಿದ್ದು ಬೆಲೆ ಒಂದು ದರ್ಜೆ ಕಡಿಮೆಯಾಗಿದ್ದರೆ ಅದೇ ಲಾಭದ ಜಾಗ. ಅದಕ್ಕಿಂತ ಪಕ್ಕಕ್ಕೆ ಹೋಗಬೇಡಿ.

ಇನ್ನು ಬಾಲ್ಕನಿಯ ಕೆಳಗಿನ ಸಾಲುಗಳು. ಇವು ಮೋಸದ ಜಾಗ, ಯಾಕೆಂದರೆ ನೆಲದ ಅಂತಸ್ತು ಎಂಬ ಒಂದೇ ಕಾರಣಕ್ಕೆ ಬೆಲೆ ಏರಿರುತ್ತದೆ. ಮೇಲಿನ ಅಂತಸ್ತಿನ ಅಂಚು ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದಂತೆ ರಂಗದ ಮೇಲ್ಭಾಗವನ್ನು ಕತ್ತರಿಸಿಬಿಡುತ್ತದೆ. ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಆಟದ ಹೆಸರುವಾಸಿ ತೂಗುದೀಪಗೊಂಚಲು ಪ್ರೇಕ್ಷಕರ ತಲೆಯ ಮೇಲೆ ಏರುವುದನ್ನು ಬಾಲ್ಕನಿಯಡಿ ಕೂತವರು ನೋಡಲಾರರು. ಅನುವಾದದ ಸಾಲುಗಳನ್ನು ರಂಗದ ಮೇಲ್ತುದಿಯಲ್ಲಿ ತೋರಿಸುವ ಆಟವಾದರೆ ಅದೂ ತಪ್ಪಿಹೋಗುತ್ತದೆ.

ಕಿವಿಯ ಲೆಕ್ಕವೂ ಇಲ್ಲೇ ಕೆಡುವುದು. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, 20 ಮೀಟರ್ ದಾಟಲು ಸುಮಾರು 58 ಮಿಲಿಸೆಕೆಂಡು. ಬಾಲ್ಕನಿಯಡಿಗೆ ಮುಖ್ಯ ಸ್ಪೀಕರುಗಳ ದನಿ ಸರಿಯಾಗಿ ನುಗ್ಗುವುದಿಲ್ಲವೆಂದು ಅಲ್ಲಿ ಚಿಕ್ಕ ಸ್ಪೀಕರುಗಳನ್ನು ಸಿಕ್ಕಿಸಿ, ರಂಗದ ದನಿಗೆ ಹೊಂದುವಂತೆ ಅವುಗಳನ್ನು ಅಷ್ಟೇ ತಡಮಾಡಿ ನುಡಿಸುತ್ತಾರೆ. ಈ ಹೊಂದಾಣಿಕೆ ಚೂರು ತಪ್ಪಿದರೂ ಮಾತು ಮಸುಕಾಗುತ್ತದೆ. ಒಳ್ಳೆಯ ದನಿ ಬೇಕಿದ್ದರೆ ಧ್ವನಿ ನಿಯಂತ್ರಕರು ಕೂತ ದೊಡ್ಡ ಮಿಕ್ಸಿಂಗ್ ಮೇಜು ಎಲ್ಲಿದೆ ನೋಡಿ, ಸಾಮಾನ್ಯವಾಗಿ ನೆಲದ ಅಂತಸ್ತಿನ ಹಿಂಭಾಗದಲ್ಲಿ ಇರುತ್ತದೆ. ಅದಕ್ಕಿಂತ ನಾಲ್ಕೈದು ಸಾಲು ಮುಂದೆ, ಬಾಲ್ಕನಿಯ ಅಂಚಿನಿಂದ ಹೊರಗೆ, ನಡುವಿನಲ್ಲಿ ಕೂತರೆ ಅವರು ಕೇಳಿ ಹದ ಮಾಡುತ್ತಿರುವ ದನಿಗೆ ಹತ್ತಿರವಾದದ್ದನ್ನೇ ನೀವೂ ಕೇಳುತ್ತೀರಿ.

ಸೀಟುಗಳ ನಡುವಿನ ಹಾದಿಯ ಅಂಚಿನ ಸೀಟಿಗೆ ಹೆಚ್ಚು ಕೊಡಬೇಕೇ ಎಂಬುದು ಆಟದ ಮೇಲೆ ನಿಂತಿದೆ. 1997ರಿಂದ ಬ್ರಾಡ್‌ವೇಯಲ್ಲಿ ನಡೆಯುತ್ತಿರುವ ‘ದಿ ಲಯನ್ ಕಿಂಗ್’ನ ಮೊದಲ ದೃಶ್ಯದಲ್ಲಿ ಪ್ರಾಣಿಗಳ ಮೆರವಣಿಗೆ ಪ್ರೇಕ್ಷಕರ ನಡುವಿನ ಹಾದಿಯಲ್ಲೇ ಬರುತ್ತದೆ. ಆನೆಯೊಳಗಿನ ಕಲಾವಿದರ ಕಾಲುಗಳು ಮೊಣಕೈ ಅಂತರದಲ್ಲಿ ಹಾದುಹೋಗುವುದನ್ನು ನೋಡುವುದಕ್ಕೆ ಅಲ್ಲಿ ಹಾದಿಯಂಚಿನ ಸೀಟು ನಿಜಕ್ಕೂ ಬೆಲೆಬಾಳುತ್ತದೆ. ಎಲ್ಲವೂ ರಂಗದ ಮೇಲೆಯೇ ನಡೆಯುವ ಆಟಕ್ಕೆ ಅಂಚಿನ ಸೀಟಿನ ಲಾಭ ಕಾಲು ಚಾಚುವುದಷ್ಟೇ.

ಪ್ರಶ್ನೆ: ಸಂಗೀತ ಎದುರಿಗೇ ನುಡಿಸುತ್ತಾರೋ, ಧ್ವನಿಮುದ್ರಿಕೆ ಹಾಕುತ್ತಾರೋ? ತಿಳಿಯುವುದು ಹೇಗೆ? ವ್ಯತ್ಯಾಸ ಅಷ್ಟು ದೊಡ್ಡದೇ?

ದೊಡ್ಡದು. ನಮ್ಮನ್ನು ಕೇಳಿದರೆ ಬೆಲೆಯನ್ನು ಸಮರ್ಥಿಸುವ ಮೊದಲ ಅಂಶವೇ ಇದು. ಹಾಡುಗಾರ್ತಿ ಒಂದು ಸಾಲಿನ ಕೊನೆಯಲ್ಲಿ ಉಸಿರು ಹಿಡಿದು ಅರ್ಧ ಕ್ಷಣ ನಿಂತರೆ, ಎದುರಿಗೆ ಮೇಳ ನಡೆಸುವವರ ಕೈಯೂ ಗಾಳಿಯಲ್ಲಿ ಅರ್ಧ ಕ್ಷಣ ನಿಲ್ಲುತ್ತದೆ, ಇಪ್ಪತ್ತು ವಾದ್ಯ ಅವಳಿಗಾಗಿ ಕಾಯುತ್ತವೆ. ಧ್ವನಿಮುದ್ರಿಕೆ ಕಾಯುವುದಿಲ್ಲ, ಹಾಡುಗಾರ್ತಿಯೇ ಅದರ ಹಿಂದೆ ಓಡಬೇಕು. ಇಂದಿನ ಅನೇಕ ಆಟಗಳಲ್ಲಿ ಎರಡೂ ಬೆರೆತಿರುತ್ತವೆ: ನುಡಿಸುವವರು ಇರುತ್ತಾರೆ, ಅವರ ಕಿವಿಯಲ್ಲಿ ತಾಳದ ಟಿಕ್ ಟಿಕ್ ಕೇಳುತ್ತಿರುತ್ತದೆ, ಅದಕ್ಕೆ ಜೋಡಿಸಿದ ಮುದ್ರಿತ ಪದರಗಳು ಜೊತೆಗೆ ಹರಿಯುತ್ತವೆ. ಬೆಳಕು, ಎಲ್‌ಇಡಿ ಗೋಡೆಯ ಚಿತ್ರ ಎಲ್ಲವೂ ಅದೇ ತಾಳಕ್ಕೆ ಕಟ್ಟಿರುತ್ತವೆ. ಅದೇನೂ ಅಪರಾಧವಲ್ಲ. ಆದರೆ ಪೂರ್ತಿ ಮೇಳದ ಬೆಲೆ ಕೊಡುವ ಮುಂಚೆ ಎಷ್ಟು ಜನ ನುಡಿಸುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಈ ಜಗಳ ಹಳೆಯದು. 2003ರ ಮಾರ್ಚಿನಲ್ಲಿ ಬ್ರಾಡ್‌ವೇ ವಾದಕರು ನಾಲ್ಕು ದಿನ ಮುಷ್ಕರ ಹೂಡಿದ್ದು ಇದೇ ಕಾರಣಕ್ಕೆ. ದೊಡ್ಡ ರಂಗಮಂದಿರಗಳಲ್ಲಿ ಕನಿಷ್ಠ 24ರಿಂದ 26 ವಾದಕರು ಇರಲೇಬೇಕೆಂಬ ಕಟ್ಟಳೆ ಆಗ 18-19ಕ್ಕೆ ಇಳಿಯಿತು. ಲಂಡನ್ನಿನ ‘ಫ್ಯಾಂಟಮ್’ ಕೋವಿಡ್ ನಂತರ 2021ರಲ್ಲಿ ಮತ್ತೆ ತೆರೆದಾಗ 27 ಜನರ ಮೇಳ 14ಕ್ಕೆ ಇಳಿದಿತ್ತು. ಹೆಸರು ಅದೇ, ಪೋಸ್ಟರ್ ಅದೇ, ಪಿಟ್‌ನೊಳಗಿನ ಜನ ಮಾತ್ರ ಅರ್ಧ.

ತಿಳಿಯಲು ಆಟದ ಕಾರ್ಯಕ್ರಮ ಪಟ್ಟಿಯಲ್ಲೋ ಜಾಲತಾಣದ ಕಲಾವಿದರ ಪುಟದಲ್ಲೋ ವಾದಕರ ಹೆಸರು ಎಣಿಸಿ. ಸಂಗೀತ ನಿರ್ದೇಶಕರ ಹೆಸರಿದ್ದು ಒಬ್ಬ ವಾದಕರ ಹೆಸರೂ ಇಲ್ಲದಿದ್ದರೆ ಅನುಮಾನಿಸಿ. ಐದಾರು ಹೆಸರಿದ್ದು ಅದರಲ್ಲಿ ಮೂರು ಕೀಬೋರ್ಡ್ ಆದರೆ, ಪಿಟೀಲು ಗುಂಪಿನ ದನಿ ಕೀಬೋರ್ಡಿನಿಂದ ಬರುತ್ತದೆ. ರಾಕ್ ಸಂಗೀತದ ಆಟಕ್ಕೆ ಐದಾರು ಜನ ಧಾರಾಳ ಸಾಕು, ತಂತಿವಾದ್ಯಗಳ ಮೇಲೆ ನಿಂತ ಹಳೆಯ ಶೈಲಿಯ ರಚನೆಗೆ ಸಾಲದು. ಪಿಟ್‌ನಲ್ಲಿ ಯಾರೂ ಕಾಣದಿದ್ದ ಮಾತ್ರಕ್ಕೆ ಮೋಸ ಎನ್ನಬೇಡಿ. ಜಾಗ ಸಾಲದೆ ಮೇಳವನ್ನು ಬೇರೆ ಕೋಣೆಯಲ್ಲಿ ಕೂರಿಸಿ ದನಿಯನ್ನು ತಂತಿಯಲ್ಲಿ ತರುವ ಆಟಗಳಿವೆ. ಸಾಮಾನ್ಯವಾಗಿ ಅಂಥ ಕಡೆ ಮೇಳ ನಡೆಸುವವರು ಬಾಲ್ಕನಿಯ ಅಂಚಿಗೆ ಹಾಕಿದ ಚಿಕ್ಕ ಪರದೆಯಲ್ಲಿ ನಟರಿಗೆ ಕಾಣುತ್ತಾರೆ. ಹಿಂದಿರುಗಿ ನೋಡಿದರೆ ನಿಮಗೂ ಕಂಡೀತು.

ಪ್ರಶ್ನೆ: ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಹೆಸರು ಮಾಡಿದ ಆಟ ಊರೂರು ಸುತ್ತುತ್ತಾ ಬಂದಾಗ ಅದೇ ಆಟವೇ ಸಿಗುತ್ತದೆಯೇ?

ಹಾಡು, ಮಾತು ಅದೇ. ರಂಗಸಜ್ಜಿಕೆ ಅದೇ ಆಗಿರಬೇಕೆಂದಿಲ್ಲ. ಒಂದೇ ಕಡೆ ವರ್ಷಗಟ್ಟಲೆ ನಿಲ್ಲುವ ಆಟಕ್ಕೆ ರಂಗದ ನೆಲ ಅಗೆದು ಲಿಫ್ಟು, ತಿರುಗುವ ವೇದಿಕೆ ಕೂರಿಸಬಹುದು. ಒಂದೊಂದು ಊರಿನಲ್ಲಿ ವಾರವೋ ಎರಡು ವಾರವೋ ನಿಂತು ಹೋಗುವ ಆಟ ಒಂದೆರಡು ದಿನದಲ್ಲಿ ಕಟ್ಟಿ, ಕೊನೆಯ ಆಟದ ರಾತ್ರಿಯೇ ಬಿಚ್ಚಿ ಲಾರಿಗೆ ತುಂಬಬೇಕು. ಹಾಗಾಗಿ ಇದ್ದ ನೆಲದ ಮೇಲೇ ತಮ್ಮದೊಂದು ಹಲಗೆ ನೆಲ ಹಾಸಿ, ಅದರ ಸಂದಿಯಲ್ಲಿ ಓಡುವ ತಂತಿಗಳಿಂದ ಸಜ್ಜಿಕೆಯನ್ನು ಎಳೆಯುತ್ತಾರೆ. ಹಲಗೆ ನೆಲದ ದಪ್ಪದಲ್ಲಿ ಹಿಡಿಸದ ಯಂತ್ರವೆಲ್ಲ ಬಿಟ್ಟುಹೋಗುತ್ತದೆ ಅಥವಾ ಚಿತ್ರವಾಗಿ ಪರದೆಗೆ ಏರುತ್ತದೆ.

‘ಲೆ ಮಿಸರಾಬ್ಲ್’ ಇದಕ್ಕೆ ಒಳ್ಳೆಯ ಉದಾಹರಣೆ. 1985ರ ಲಂಡನ್ ಪ್ರಯೋಗದ ಜೀವವೇ ಅದರ ತಿರುಗುವ ವೇದಿಕೆ ಎಂದು ನೆನೆಯುವವರು ಬಹಳ. ಆದರೆ 25ನೇ ವರ್ಷದ ಪ್ರವಾಸಕ್ಕೆ ಹೊಸದಾಗಿ ಕಟ್ಟಿದ ಪ್ರಯೋಗದಲ್ಲಿ ಅದಿರಲಿಲ್ಲ, ಬಣ್ಣದ ಚಿತ್ರಗಳ ಪ್ರೊಜೆಕ್ಷನ್ ಬಂದಿತ್ತು. ಕೊನೆಗೆ 2019ರಲ್ಲಿ ಲಂಡನ್ನಿನಲ್ಲೂ ಹಳೆಯದು ನಿಂತು ಹೊಸದೇ ನೆಲೆಯಾಯಿತು. ಹೊಸದು ಕಳಪೆ ಎಂದು ನಾವು ಹೇಳುತ್ತಿಲ್ಲ. ಹಳೆಯದರ ವರ್ಣನೆ ಓದಿ ಹೊಸದಕ್ಕೆ ದುಡ್ಡು ಕೊಡಬೇಡಿ ಎಂದಷ್ಟೇ ಹೇಳುತ್ತಿರುವುದು. ವಿಮರ್ಶೆ ಓದುವಾಗ ತಾರೀಖು, ಊರು, ಯಾವ ಪ್ರಯೋಗ ಎಂಬುದನ್ನು ಮೊದಲು ನೋಡಿ. ಫೋಟೊಗಳ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಮೂಲ ಪ್ರಯೋಗದ ಚಿತ್ರಗಳು’ ಎಂದಿದ್ದರೆ ಅವು ನೀವು ನೋಡಲಿರುವ ಆಟದವಲ್ಲ.

ವಿಮರ್ಶಕರ ಬಗ್ಗೆ ಇನ್ನೊಂದು ಮಾತು. ಅವರನ್ನು ಕೂರಿಸುವುದು ನೆಲದ ಅಂತಸ್ತಿನ ಒಳ್ಳೆಯ ನಡುಸೀಟಿನಲ್ಲಿ. ಅವರು ಮೆಚ್ಚಿದ ದೃಶ್ಯ ನಿಮ್ಮ ಸೀಟಿನಿಂದ ಕಾಣುತ್ತದೆಯೇ ಎಂಬುದನ್ನು ಅವರು ಬರೆಯುವುದಿಲ್ಲ. ಅದಕ್ಕೆ, ಸೀಟಿನ ಸಂಖ್ಯೆ ಸಮೇತ ಪ್ರೇಕ್ಷಕರು ಹಾಕಿದ ಫೋಟೊಗಳೇ ಹೆಚ್ಚು ಉಪಯುಕ್ತ.

ಪ್ರಶ್ನೆ: ಹೆಸರಾಂತ ಕಲಾವಿದರನ್ನು ನೋಡಲೆಂದೇ ಟಿಕೆಟ್ ಕೊಂಡೆವು. ಆ ದಿನ ಅವರು ಬರದೆ ಬೇರೆಯವರು ಮಾಡಿದರು. ಇದು ಅನ್ಯಾಯವಲ್ಲವೇ?

ಬೇಸರ ಸಹಜವೇ. ಆದರೆ ದೊಡ್ಡ ಮ್ಯೂಸಿಕಲ್ ವಾರಕ್ಕೆ 8 ಆಟ ಆಡುತ್ತದೆ, ಅಷ್ಟನ್ನೂ ಒಂದೇ ಗಂಟಲು ವರ್ಷವಿಡೀ ಹಾಡಲಾರದು. ‘ಫ್ಯಾಂಟಮ್’ನ ನಾಯಕಿಯ ಪಾತ್ರ ಎಷ್ಟು ಕಠಿಣವೆಂದರೆ, ವಾರಕ್ಕೆ ಎರಡು ಆಟ ಬೇರೊಬ್ಬ ಗಾಯಕಿ ಮಾಡುವುದು ಬ್ರಾಡ್‌ವೇಯಲ್ಲಿ ಮೊದಲಿನಿಂದ 2023ರಲ್ಲಿ ಆಟ ನಿಲ್ಲುವವರೆಗೂ ನಡೆದುಬಂದ ಏರ್ಪಾಡಾಗಿತ್ತು. ಹಾಗಾಗಿ ಕೊಳ್ಳುವ ಮುಂಚೆಯೇ ಪ್ರದರ್ಶನದ ಪುಟದಲ್ಲಿ ‘ಈ ದಿನಗಳಂದು ಇವರು ಇರುವುದಿಲ್ಲ’ ಎಂಬ ಸೂಚನೆ ಹುಡುಕಿ. ಮಧ್ಯಾಹ್ನದ ಆಟ, ದಿನಕ್ಕೆ ಎರಡಿರುವ ದಿನ, ಹಬ್ಬದ ವಾರ, ಈ ಸಮಯಗಳಲ್ಲಿ ಗೈರುಹಾಜರಿ ಹೆಚ್ಚು.

ಬ್ರಾಡ್‌ವೇಯಲ್ಲಿ ರೂಢಿಯ ನಿಯಮವೊಂದಿದೆ: ಪೋಸ್ಟರಿನಲ್ಲಿ ಆಟದ ಹೆಸರಿಗಿಂತ ಮೇಲೆ ಯಾರ ಹೆಸರಿದೆಯೋ ಅವರು ಬರದಿದ್ದರೆ ದುಡ್ಡು ವಾಪಸ್ ಅಥವಾ ಬೇರೆ ದಿನದ ಟಿಕೆಟ್ ಕೇಳಬಹುದು. ತೆರೆ ಏಳುವ ಮುಂಚೆ ಕೇಳಬೇಕು, ಆಟ ನೋಡಿಬಂದು ಕೇಳುವುದಲ್ಲ. ಹೆಸರು ಕೆಳಗಿದ್ದರೆ ಆ ಹಕ್ಕಿಲ್ಲ. ಬೇರೆ ಕಡೆಯ ಷರತ್ತು ಬೇರೆ, ಟಿಕೆಟ್ಟಿನ ಷರತ್ತಿನಲ್ಲಿ ‘ಕಲಾವಿದರು ಬದಲಾಗಬಹುದು’ ಎಂಬ ಸಾಲು ಇದ್ದೇ ಇರುತ್ತದೆ.

ಒಬ್ಬರಿಗಾಗಿಯೇ ದೊಡ್ಡ ಮೊತ್ತ ಕೊಡುವುದಿದ್ದರೆ ಅದನ್ನು ಅಪಾಯ ಎಂದೇ ಎಣಿಸಿ. ಬದಲಿ ಬಂದವರ ಬಗ್ಗೆ ಮಾತ್ರ ಅಸಡ್ಡೆ ಬೇಡ. ಸ್ವಿಂಗ್ ಎಂದು ಕರೆಯುವ ಕಲಾವಿದರು ಎಂಟು ಹತ್ತು ಜನರ ಹೆಜ್ಜೆ, ದನಿ, ನಿಲ್ಲುವ ಜಾಗ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು, ಮಧ್ಯಾಹ್ನ ಕರೆ ಬಂದರೆ ಸಂಜೆ ರಂಗಕ್ಕೆ ಇಳಿಯುತ್ತಾರೆ. ಈ ಕಸುಬಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಕಡಿಮೆ.

ಪ್ರಶ್ನೆ: ಒಂದೇ ಸೀಟಿಗೆ ಬೆಳಿಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ. ಯಾವಾಗ ಕೊಂಡರೆ ಲಾಭ?

ಇದು ಬೇಡಿಕೆ ನೋಡಿ ಏರಿಳಿಸುವ ಬೆಲೆ. ಒಳ್ಳೆಯ ಸೀಟುಗಳನ್ನು ಪ್ರತ್ಯೇಕಿಸಿ ಪ್ರೀಮಿಯಂ ಬೆಲೆಗೆ ಮಾರುವ ಪದ್ಧತಿ ದೊಡ್ಡದಾಗಿ ಶುರುವಾದದ್ದು 2001ರಲ್ಲಿ, ‘ದಿ ಪ್ರೊಡ್ಯೂಸರ್ಸ್’ ಆಟದ ಕೆಲವು ಟಿಕೆಟ್ಟುಗಳಿಗೆ 480 ಡಾಲರ್ ಇಟ್ಟಾಗ. 2015ರಲ್ಲಿ ಬ್ರಾಡ್‌ವೇಗೆ ಬಂದ ‘ಹ್ಯಾಮಿಲ್ಟನ್’ ಮರುವರ್ಷವೇ ಅದನ್ನು 849 ಡಾಲರಿಗೆ ಮುಟ್ಟಿಸಿತು. ಅದೇ ಆಟ ಲಾಟರಿ ಎತ್ತಿ ಕೆಲವು ಟಿಕೆಟ್ಟುಗಳನ್ನು 10 ಡಾಲರಿಗೂ ಕೊಟ್ಟಿತು. ಒಂದೇ ರಾತ್ರಿ, ಒಂದೇ ಆಟ, ಸುಮಾರು 85 ಪಟ್ಟು ಅಂತರ. ಬೆಲೆ ಗುಣದ ಅಳತೆಯಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ವಾರದ ನಡುವಿನ ದಿನಗಳು ಶನಿವಾರ ಸಂಜೆಗಿಂತ ಅಗ್ಗ. ರಜೆ ಮುಗಿದ ಮೇಲಿನ ವಾರಗಳು, ಉದಾಹರಣೆಗೆ ಬ್ರಾಡ್‌ವೇಯಲ್ಲಿ ಜನವರಿ-ಫೆಬ್ರವರಿ ಮತ್ತು ಸೆಪ್ಟೆಂಬರ್, ಸಪ್ಪೆ. ಆಗ ಒಂದಕ್ಕೆ ಎರಡು ಟಿಕೆಟ್ ಕೊಡುವ ಯೋಜನೆಗಳೂ ಬರುತ್ತವೆ. ಅದೇ ದಿನದ ಆಟಕ್ಕೆ ಉಳಿದ ಟಿಕೆಟ್ಟನ್ನು ಇಳಿಸಿದ ಬೆಲೆಗೆ ಮಾರುವ ಟಿಕೆಟಿಎಸ್ ಮಳಿಗೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 1973ರಿಂದ ಇದೆ, ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲೂ ಅಂಥದ್ದುಂಟು. ಬೆಳಿಗ್ಗೆ ಮೊದಲು ಬಂದವರಿಗೆ ಅಗ್ಗದ ಸೀಟು ಕೊಡುವ ರಷ್ ಪದ್ಧತಿಯನ್ನು ಜನಪ್ರಿಯ ಮಾಡಿದ್ದು 1996ರ ‘ರೆಂಟ್’, ಮುಂದಿನ ಎರಡು ಸಾಲು 20 ಡಾಲರಿಗೆ. ಇವೆಲ್ಲ ಸಿಗುವುದು ಅರ್ಧ ತುಂಬಿದ ಆಟಕ್ಕೆ, ಅಥವಾ ಕಾಯಲು ಸಮಯವಿರುವವರಿಗೆ. ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಕೂರಬೇಕಿದ್ದರೆ ನೆಚ್ಚಬೇಡಿ. ಒಂಟಿಯಾಗಿ ಹೋಗುವವರಿಗೆ ಮಾತ್ರ ಕೊನೆಯ ಗಳಿಗೆಯಲ್ಲಿ ಅದೃಷ್ಟ ಹೆಚ್ಚು, ಒಳ್ಳೆಯ ಸಾಲುಗಳಲ್ಲಿ ಒಂಟಿ ಸೀಟು ಆಗಾಗ ಉಳಿದುಬಿಡುತ್ತದೆ.

ಪ್ರಿವ್ಯೂ ಆಟ ಸ್ವಲ್ಪ ಅಗ್ಗವಿದ್ದರೆ ಕೊಳ್ಳಬಹುದು, ಆದರೆ ಅದು ಇನ್ನೂ ತಿದ್ದುತ್ತಿರುವ ಆಟ. ಹಾಡು ಸೇರುತ್ತದೆ, ದೃಶ್ಯ ಹಾರುತ್ತದೆ, ಯಂತ್ರ ಸಿಕ್ಕಿಕೊಂಡು ಆಟ ನಿಲ್ಲುವುದೂ ಉಂಟು. ಪೂರ್ತಿ ಬೆಲೆಗೆ ಬೇಡ.

ಕೊಳ್ಳುವಾಗ ರಂಗಮಂದಿರದ ಸ್ವಂತ ಜಾಲತಾಣದಿಂದಲೇ ಶುರುಮಾಡಿ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವುದು ಬಹಳ ಸಲ ಮರುಮಾರಾಟದವರ ಜಾಹೀರಾತು, ಅಲ್ಲಿ ಖಾಲಿ ಇರುವ ಆಟದ ಸೀಟೂ ಎರಡು ಪಟ್ಟು ಬೆಲೆಗೆ ಕೂತಿರುತ್ತದೆ. ಸೇವಾ ಶುಲ್ಕ ಸೇರಿದ ಮೇಲಿನ ಕೊನೆಯ ಮೊತ್ತವನ್ನು ಹೋಲಿಸಿ. ಅಮೆರಿಕದಲ್ಲಿ 2025ರ ಮೇ ತಿಂಗಳಿಂದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮವಿದೆ, ಎಲ್ಲ ಕಡೆ ಹಾಗಿಲ್ಲ.

ಪ್ರಶ್ನೆ: ಅದೇ ಆಟದ ಚಿತ್ರೀಕರಣ ಮನೆಯಲ್ಲೇ ನೋಡಲು ಸಿಗುತ್ತದೆ. ಮತ್ತೆ ಟಿಕೆಟ್ ಯಾಕೆ?

ಕಥೆ, ಹಾಡು, ಮುಖಭಾವ ಸಾಕೆನಿಸಿದರೆ ಚಿತ್ರೀಕರಣವೇ ಸಾಕು. ಹಿಂದಿನ ಸಾಲಿನಲ್ಲಿ ಕೂತವರಿಗಿಂತ ನೀವೇ ಚೆನ್ನಾಗಿ ನೋಡುತ್ತೀರಿ. 2020ರ ಜುಲೈಯಲ್ಲಿ ‘ಹ್ಯಾಮಿಲ್ಟನ್’ ಮೂಲ ತಂಡದ ಚಿತ್ರೀಕರಣ ಡಿಸ್ನಿ ಪ್ಲಸ್‌ನಲ್ಲಿ ಬಂತು. ಅದರಲ್ಲಿ ಕಾಣುವ ಬೆವರಹನಿ ಬಾಲ್ಕನಿಯಿಂದ ಯಾರಿಗೂ ಕಂಡಿರಲಾರದು.

ತಪ್ಪಿಹೋಗುವುದು ಆಯ್ಕೆ. ಎಲ್ಲಿ ನೋಡಬೇಕೆಂದು ಅಲ್ಲಿ ಕ್ಯಾಮೆರಾ ಹೇಳುತ್ತದೆ. ನಾಯಕಿ ಹಾಡುವಾಗ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವವನ ಕೈ ನಿಧಾನವಾಗಿ ಮುಷ್ಟಿ ಕಟ್ಟುವುದನ್ನು ನೀವಾಗಿಯೇ ಕಂಡುಹಿಡಿಯುವ ಸುಖ ರಂಗಮಂದಿರದಲ್ಲಿ ಮಾತ್ರ. ಗುಂಪು ಹಾಡಿನ ದನಿ ಎದೆಗೆ ಬಡಿಯುವುದೂ ಅಷ್ಟೇ. ನಮ್ಮ ಸಲಹೆ: ಚಿತ್ರೀಕರಣದ ಮೊದಲ ಇಪ್ಪತ್ತು ನಿಮಿಷ ನೋಡಿ. ಮುಂದೆ ನೋಡಲೇಬೇಕು ಎನಿಸಿದರೆ ಅಲ್ಲಿಗೇ ನಿಲ್ಲಿಸಿ, ಟಿಕೆಟ್ ಕೊಳ್ಳಿ. ಎದ್ದು ಬೇರೆ ಕೆಲಸಕ್ಕೆ ಹೋಗಬೇಕೆನಿಸಿದರೆ ದುಡ್ಡು ಉಳಿಯಿತು.

ಪ್ರಶ್ನೆ: ಐದು ವರ್ಷದ ಮಗುವನ್ನು ಕರೆದೊಯ್ಯಬಹುದೇ?

ಮೊದಲು ಪ್ರವೇಶದ ವಯಸ್ಸು ನೋಡಿ, 4 ವರ್ಷದೊಳಗಿನವರನ್ನು ಅನೇಕ ಕಡೆ ಬಿಡುವುದಿಲ್ಲ. ಮಗುವಿಗೂ ಪೂರ್ತಿ ಟಿಕೆಟ್ ಬೇಕು. ಮಗು ಕತ್ತಲಲ್ಲಿ ಒಂದೂಕಾಲು ಗಂಟೆ ಒಂದೇ ಕಡೆ ಕೂರುತ್ತದೆಯೇ? ಮೊದಲ ಅಂಕ ಸಾಮಾನ್ಯವಾಗಿ ಅಷ್ಟು ಉದ್ದ, ಆಮೇಲೆ 15-20 ನಿಮಿಷ ವಿರಾಮ. ಗುಂಡಿನ ಸದ್ದು, ಮಿಣುಕುವ ಬೆಳಕು, ಹೊಗೆಯ ಎಚ್ಚರಿಕೆ ಇದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. ಎತ್ತರದ ದಿಂಬು ಕೊಡುತ್ತಾರೆಯೇ ಕೇಳಿ, ಕೊಡದಿದ್ದರೆ ಮೇಲಿನ ಅಂತಸ್ತಿನ ಇಳಿಜಾರಿನ ಸೀಟು ನೆಲದ ಅಂತಸ್ತಿಗಿಂತ ಮೇಲು. ಆದರೆ ಮೇಲಿನ ಮೊದಲ ಸಾಲು ಬೇಡ, ತಡೆಗಂಬಿ ಸರಿಯಾಗಿ ಮಗುವಿನ ಕಣ್ಣಿನ ಮಟ್ಟಕ್ಕೇ ಬರುತ್ತದೆ.

ಪ್ರಶ್ನೆ: ದುಡ್ಡು ಕೊಟ್ಟು ಒಳಗೆ ಹೋದ ಮೇಲೆ ಕಂಬವೋ ಕ್ಯಾಮೆರಾವೋ ಅಡ್ಡ ಬಂದರೆ ಏನು ಮಾಡುವುದು?

ಮೊದಲು ಟಿಕೆಟ್ ನೋಡಿ. ‘ನೋಟಕ್ಕೆ ಅಡ್ಡಿ ಇದೆ’ ಎಂದು ಅಚ್ಚಾಗಿದ್ದರೆ ನಿಮಗೆ ಹೇಳಿಯೇ ಮಾರಿದ್ದಾರೆ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿರುತ್ತದೆ. ಅಂಥ ಸೂಚನೆ ಇಲ್ಲದಿದ್ದರೆ ಕೂತಲ್ಲಿಂದ ಒಂದು ಫೋಟೊ ತೆಗೆದುಕೊಳ್ಳಿ. ಇದನ್ನು ಆಟ ಶುರುವಾಗುವ ಮುಂಚೆಯೇ ಮಾಡಿ, ಶುರುವಾದ ಮೇಲೆ ಫೋಟೊ ನಿಷಿದ್ಧ. ತಕ್ಷಣ ಹತ್ತಿರದ ಸಿಬ್ಬಂದಿಯನ್ನು ಕರೆದು, ಸಭಾಂಗಣದ ವ್ಯವಸ್ಥಾಪಕರು ಬೇಕು ಎಂದು ಕೇಳಿ. ಮೇಳದ ಮೊದಲ ಸ್ವರ ಹೊಮ್ಮುವವರೆಗೆ ಅವರ ಕೈಯಲ್ಲಿ ತಡವಾಗಿ ಬಂದವರಿಗಾಗಿ, ತುರ್ತಿಗಾಗಿ ಇಟ್ಟುಕೊಂಡ ನಾಲ್ಕಾರು ಸೀಟು ಇರುವ ಸಾಧ್ಯತೆ ಹೆಚ್ಚು. ವಿರಾಮದಲ್ಲಿ ಕೇಳಿದರೂ ಎರಡನೇ ಅಂಕಕ್ಕೆ ಜಾಗ ಬದಲಿಸಿ ಕೊಟ್ಟಾರು. ಆಟ ಪೂರ್ತಿ ನೋಡಿ ಮರುದಿನ ಪತ್ರ ಬರೆದರೆ, ಆಗಲೇ ಯಾಕೆ ಹೇಳಲಿಲ್ಲ ಎಂಬುದೇ ಅವರ ಮೊದಲ ಪ್ರಶ್ನೆಯಾಗಿರುತ್ತದೆ.